ಅಮ್ಮನಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ). ಅಪ್ಪಯ್ಯ ತಮ್ಮ ಬಿ.ಪಿ. ಮಾತ್ರೆ ಬಿಟ್ಟು ನಾಲ್ಕು ತಿಂಗಳಾಗಿದೆ. ಸಲಹೆ ಬೇಕು

ತುಂಗೆ ದಂಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ಮನೆಯಲ್ಲಿ ಇಬ್ಬರೇ. ಅಪ್ಪಯ್ಯನಿಗೆ 77, ಅಮ್ಮನಿಗೆ 72. ನಾನು ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ.

ಅಮ್ಮನಿಗೆ ಇರುವುದು ಆಲ್‌ಝೈಮರ್ ಎನ್ನುವ ಬಗೆಯ ಡಿಮೆನ್ಶಿಯಾ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಅದಕ್ಕೂ ಮೊದಲು ಎರಡು ವರ್ಷ "ಅರವತ್ತಕ್ಕೆ ಅರಳು ಮರಳು" ಅಂತ ನಾವೇ ಸುಮ್ಮನಿದ್ದೆವು. ಈಗ ಅಮ್ಮನಿಗೆ ಮಾತ್ರೆ ನಡೆಯುತ್ತಿದೆ. ಸ್ನಾನ, ಊಟ, ಬಟ್ಟೆ ಎಲ್ಲ ಅಪ್ಪಯ್ಯನೇ ಮಾಡಿಸುತ್ತಾರೆ. ಅಡುಗೆಯನ್ನೂ ಕಲಿತಿದ್ದಾರೆ.

ಹೋದ ವಾರ ಮನೆಗೆ ಹೋಗಿದ್ದೆ. ಅಪ್ಪಯ್ಯನ ಕಾಲು ಊದಿಕೊಂಡಿತ್ತು. ಒತ್ತಾಯ ಮಾಡಿ ಬಿ.ಪಿ. ನೋಡಿಸಿದೆ. 190 ಇತ್ತು, ಕೆಳಗಿನದು 110. ಮನೆಗೆ ಬಂದು ಗೂಡಿನಲ್ಲಿ ನೋಡಿದರೆ ಅವರ ಮಾತ್ರೆ ಖಾಲಿಯಾಗಿ ನಾಲ್ಕು ತಿಂಗಳಾಗಿದೆ. ಅಮ್ಮನದು ಒಂದು ಹೊತ್ತೂ ತಪ್ಪಿಲ್ಲ. ಕೇಳಿದ್ದಕ್ಕೆ "ಅವಳದ್ದು ಮುಖ್ಯ ಅಲ್ವಾ, ನನ್ನದು ಆಮೇಲೆ ನೋಡೋಣ ಅಂತ ಬಿಟ್ಟೆ" ಅಂದರು.

ಇನ್ನೊಂದು ವಿಷಯ. ಅವರಿಗೆ ಹರ್ನಿಯಾ ಇದೆ, ಹೊಟ್ಟೆಯ ಕೆಳಗೆ ಕರುಳು ಉಬ್ಬಿ ಹೊರಗೆ ಬರುತ್ತದೆ. ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿ ಎರಡು ವರ್ಷ ಆಗಿದೆ. ಅಮ್ಮನನ್ನು ಎಬ್ಬಿಸುವಾಗ ಒಂದು ಕೈಯಲ್ಲಿ ತಮ್ಮ ಹೊಟ್ಟೆಯ ಕೆಳಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಎತ್ತುತ್ತಾರೆ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಬೆಂಗಳೂರಿಗೆ ಕರೆದುಕೊಂಡು ಬಂದು ನೋಡಿದ್ದೇವೆ. ಸಂಜೆ ಆದ ಕೂಡಲೇ ಅಮ್ಮ "ಮನೆಗೆ ಹೋಗೋಣ" ಅಂತ ಅಳುತ್ತಿದ್ದರು. ಹದಿನೆಂಟು ದಿನಕ್ಕೆ ವಾಪಸ್ ಹೋದರು. ಅಮ್ಮನನ್ನು ನೋಡಿಕೊಳ್ಳುವುದು ಹೇಗೆ ಅಂತ ನಾನು ಕೇಳುತ್ತಿಲ್ಲ. ಅಪ್ಪಯ್ಯ ತಮ್ಮನ್ನು ತಾವು ನೋಡಿಕೊಳ್ಳುವ ಹಾಗೆ ಮಾಡುವುದು ಹೇಗೆ? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ನಿವೃತ್ತ ಸಿಸ್ಟರ್, ಹೊಸನಗರ

ಮೊದಲು ಬಿ.ಪಿ. 190 ಅಂದರೆ ಕಾಯುವ ವಿಷಯ ಅಲ್ಲ. ಕಾಲು ಬೇರೆ ಊದಿದೆ. ಈ ವಾರವೇ ಡಾಕ್ಟರಿಗೆ ತೋರಿಸಿ, ಕಿಡ್ನಿ, ಶುಗರ್ ಪರೀಕ್ಷೆ ಮಾಡಿಸಿ, ಇ.ಸಿ.ಜಿ. ತೆಗೆಸಿ. ಎದೆ ನೋವು, ಮಾತು ತೊದಲುವುದು, ಒಂದು ಕಡೆ ಕೈ ಸೋಲುವುದು, ಏದುಸಿರು ಏನಾದರೂ ಕಂಡರೆ ಒಡನೆ 108ಕ್ಕೆ ಫೋನ್ ಮಾಡಬೇಕು.

ಮಾತ್ರೆ ಬಿಟ್ಟಿದ್ದಕ್ಕೆ ಬೈಯಬೇಡಿ. ಅದು ಸೋಮಾರಿತನ ಅಲ್ಲ. ಮಾತ್ರೆ ತರಲು ಪೇಟೆಗೆ ಹೋಗಬೇಕು. ಹೋದರೆ ಅಮ್ಮನ ಹತ್ತಿರ ಯಾರು? ಮನೆಯಿಂದ ಹೊರಡಲು ಆಗದವರು ಮೊದಲು ಕೈಬಿಡುವುದು ತಮ್ಮ ಕೆಲಸವನ್ನೇ. 31 ವರ್ಷ ಕೆಲಸ ಮಾಡಿದ್ದೇನೆ, ಇದನ್ನು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ.

ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, "ನಮ್ಮ ಮನೆಯಲ್ಲಿ ರೋಗಿಗಳು ಇಬ್ಬರು" ಅಂತ ಹೇಳಿ. ಈ ಮಾತು ಹೀಗೆಯೇ ಹೇಳಬೇಕು. ಅವರ ಪುಸ್ತಕದಲ್ಲಿ ಅಮ್ಮನ ಹೆಸರು ಇರುತ್ತದೆ, ಅಪ್ಪಯ್ಯನದು ಇರುವುದಿಲ್ಲ. ಉಪಕೇಂದ್ರದಲ್ಲಿ ಬಿ.ಪಿ. ನೋಡುತ್ತಾರೆ, ಮಾತ್ರೆಯೂ ಸಿಗುತ್ತದೆ. ಜೂನ್ ಬರುವುದಕ್ಕೆ ಮುಂಚೆ ಇಬ್ಬರಿಗೂ ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ. ಆಗುಂಬೆ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ.

ಒಂದು ಸಣ್ಣ ಉಪಾಯ. ಬೆಳಿಗ್ಗೆ ಅಮ್ಮನಿಗೆ ಮಾತ್ರೆ ಕೊಡುವುದನ್ನು ಅವರು ಮರೆಯುವುದಿಲ್ಲ ತಾನೇ? ಅಪ್ಪಯ್ಯನ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಡಿ. ಬೇರೆ ಬಣ್ಣದ್ದು ಇರಲಿ, ಅಮ್ಮನ ಕೈಗೆ ಎಟುಕದ ಎತ್ತರದಲ್ಲಿ ಇರಲಿ. ಅವಳಿಗೆ ಕೊಟ್ಟೆ, ನಾನು ತಗೊಂಡೆ. ಅಷ್ಟೇ ಅಭ್ಯಾಸ.

ಶಿವಮೊಗ್ಗ ವಿನೋಬನಗರದಿಂದ ಮಗ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಅಮ್ಮನಿಗೆ ಕಾಯಿಲೆ, ನೋಡಿಕೊಳ್ಳುತ್ತಿದ್ದವರು ಅಪ್ಪ. ನಾನು ಆಗ ದುಬೈಯಲ್ಲಿದ್ದೆ. ದಿನಾ ಫೋನ್ ಮಾಡುತ್ತಿದ್ದೆ. ಅಪ್ಪ ಹೋದ ಮೇಲೆ ಒಂದು ದಿನ ಕೂತು ನೆನಪು ಮಾಡಿಕೊಂಡೆ. ನಾನು ಕೇಳುತ್ತಿದ್ದದ್ದು ಯಾವಾಗಲೂ "ಅಮ್ಮ ಹೇಗಿದ್ದಾಳೆ, ಊಟ ಮಾಡಿದಳಾ, ರಾತ್ರಿ ಮಲಗಿದಳಾ." ನೀವು ಮಲಗಿದಿರಾ ಅಂತ ಒಂದು ದಿನವೂ ಕೇಳಲಿಲ್ಲ. ಅವರಾಗಿ ಹೇಳುವವರೂ ಅಲ್ಲ.

ಕಾಯಿಲೆ ಇದ್ದದ್ದು ಅಮ್ಮನಿಗೆ. ಮೊದಲು ಹೋದವರು ಅಪ್ಪ. ಬಚ್ಚಲುಮನೆಯಲ್ಲಿ ಬಿದ್ದರು, ಸೊಂಟ ಮುರಿಯಿತು, ಆಮೇಲೆ ನ್ಯುಮೋನಿಯಾ. ಹದಿನಾರು ದಿನ. ಈಗ ಅಮ್ಮ ನನ್ನ ಜೊತೆ ಇದ್ದಾರೆ. ಬಾಗಿಲು ಶಬ್ದ ಆದರೆ "ಇವರು ಬಂದರಾ" ಅಂತ ಕೇಳುತ್ತಾರೆ.

ನೀವು ಕಾಲ ಮಿಂಚುವ ಮುಂಚೆ ಕೇಳಿದ್ದೀರಿ. ಇವತ್ತೇ ಫೋನ್ ಮಾಡಿ. ಮೊದಲ ಪ್ರಶ್ನೆ ಅಪ್ಪಯ್ಯನದ್ದೇ ಇರಲಿ.

ಸಾಗರ ರಸ್ತೆ ಡಾಕ್ಟರ್

ನಾನು ಜನರಲ್ ಫಿಜಿಶಿಯನ್. ಮರೆವಿನ ರೋಗಿಯನ್ನು ಕರೆದುಕೊಂಡು ಬರುವವರು ಹೆಚ್ಚಾಗಿ ಗಂಡ ಅಥವಾ ಹೆಂಡತಿ, ಅವರಿಗೂ 70 ದಾಟಿರುತ್ತದೆ. ಈಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ರೋಗಿಯ ಬಿ.ಪಿ. ನೋಡಿದ ಮೇಲೆ ಪಟ್ಟಿಯನ್ನು ಅಲ್ಲೇ ಪಕ್ಕದವರ ತೋಳಿಗೆ ಕಟ್ಟುತ್ತೇನೆ. ಕೇಳುವುದಕ್ಕೆ ಹೋಗುವುದಿಲ್ಲ. ಕೇಳಿದರೆ ಎಲ್ಲರೂ "ನಂಗೇನಾಗಿಲ್ಲ ಡಾಕ್ಟ್ರೇ" ಅಂತಲೇ ಹೇಳುತ್ತಾರೆ.

ಇದು ಮನಸ್ಸಿನ ದಣಿವು ಮಾತ್ರ ಅಲ್ಲ, ಮೈಗೂ ತಟ್ಟುತ್ತದೆ. 1995ರಲ್ಲಿ ಅಮೆರಿಕದ ಒಹಾಯೋದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದರು. ಡಿಮೆನ್ಶಿಯಾ ಇರುವ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಮಾಯಲು ಎಷ್ಟು ದಿನ ಬೇಕು ಅಂತ ನೋಡಿದರು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಸರಾಸರಿ 9 ದಿನ ಜಾಸ್ತಿ ಬೇಕಾಯಿತು. ಮರುವರ್ಷ ಅದೇ ತಂಡ ಫ್ಲೂ ಲಸಿಕೆಯನ್ನು ನೋಡಿತು. ಡಿಮೆನ್ಶಿಯಾ ಇರುವ ಸಂಗಾತಿಯನ್ನು ನೋಡಿಕೊಳ್ಳುವವರಲ್ಲಿ ಲಸಿಕೆಯೂ ಉಳಿದವರಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಹಾಗಂತ ಲಸಿಕೆ ಬೇಡ ಅಂತಲ್ಲ. ಇವರು ತಪ್ಪದೆ ಹಾಕಿಸಿಕೊಳ್ಳಬೇಕು.

1999ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. 66ರಿಂದ 96 ವಯಸ್ಸಿನ ಗಂಡ ಹೆಂಡಿರನ್ನು ನಾಲ್ಕು ವರ್ಷ ಗಮನಿಸಿದರು. ಸಂಗಾತಿಯ ಕಾಯಿಲೆ ಮರೆವೊಂದೇ ಅಲ್ಲ, ಬೇರೆ ಬೇರೆ ಇತ್ತು. ಆರೈಕೆ ಮಾಡಿ ಬಳಲಿದ್ದೇವೆ ಅಂದವರಲ್ಲಿ ಸಾವಿನ ಅಪಾಯ ಶೇ. 63ರಷ್ಟು ಜಾಸ್ತಿ ಇತ್ತು. ಆರೈಕೆ ಮಾಡುತ್ತಿದ್ದರೂ ಬಳಲಿಕೆ ಇಲ್ಲ ಅಂದವರಲ್ಲಿ ಹಾಗೆ ಕಾಣಲಿಲ್ಲ. ನನಗೆ ಮುಖ್ಯ ಅನಿಸುವುದು ಈ ಎರಡನೇ ಮಾತು. ಹೆಂಡತಿಯನ್ನು ನೋಡಿಕೊಳ್ಳುವುದರಿಂದಲೇ ಅಪಾಯ ಬರುತ್ತದೆ ಅಂತಲ್ಲ. ಒಬ್ಬರೇ, ರಜೆ ಇಲ್ಲದೆ, ನಿದ್ದೆ ಇಲ್ಲದೆ ನೋಡಿಕೊಂಡು ಬಳಲಿದಾಗ ಬರಬಹುದು. ಹೊರೆ ಹಂಚಿದರೆ ಕಡಿಮೆ ಆಗಬಹುದು.

ನಿಮ್ಮ ಅಪ್ಪಯ್ಯನಂಥ ಹಟದವರಿಗೆ "ನಿಮ್ಮ ಆರೋಗ್ಯ ನೋಡಿಕೊಳ್ಳಿ" ಅಂದರೆ ನಾಟುವುದಿಲ್ಲ. ಅವರಿಗೆ ಬೇಕಾಗಿರುವುದು ಅಮ್ಮ ಮನೆಯಲ್ಲೇ ಇರಬೇಕು ಎನ್ನುವುದು. ಹಾಗಾದರೆ ಅದನ್ನೇ ಹಿಡಿಯಿರಿ. ನ್ಯೂಯಾರ್ಕ್‌ನಲ್ಲಿ ಆಲ್‌ಝೈಮರ್ ರೋಗಿಗಳ 406 ಸಂಗಾತಿಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಯಿತು. ಅರ್ಧ ಜನರಿಗೆ ಆರು ಸಲ ಆಪ್ತ ಸಲಹೆ, ಅದರಲ್ಲಿ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಮಾತುಕತೆ, ಆಮೇಲೆ ಬೇಕೆಂದಾಗ ಫೋನ್, ತಮ್ಮಂಥವರ ಒಂದು ಗುಂಪು. 2006ರಲ್ಲಿ ಫಲಿತಾಂಶ ಹೇಳಿದರು. ಹೀಗೆ ಬೆಂಬಲ ಸಿಕ್ಕವರ ಮನೆಯಲ್ಲಿ ರೋಗಿಯನ್ನು ನರ್ಸಿಂಗ್ ಹೋಮ್‌ಗೆ ಸೇರಿಸುವುದು ಸುಮಾರು ಒಂದೂವರೆ ವರ್ಷ ಮುಂದೆ ಹೋಗಿತ್ತು. ಹೊಸ ಮಾತ್ರೆ ಇಲ್ಲ, ಹೊಸ ಮಿಷನ್ ಇಲ್ಲ. ನೋಡಿಕೊಳ್ಳುವವರನ್ನು ಗಟ್ಟಿ ಮಾಡಿದ್ದು ಅಷ್ಟೇ.

ಅದು ಅಮೆರಿಕ, ನಮಗೆಲ್ಲಿ ಅನ್ನಬೇಡಿ. ಪಕ್ಕದ ಗೋವಾದ ಬಾರ್ದೇಸ್, ತಿಸ್ವಾಡಿ ತಾಲ್ಲೂಕುಗಳಲ್ಲಿ 81 ಕುಟುಂಬಗಳ ಜೊತೆ ಇಂಥದ್ದೇ ಕೆಲಸ ಆಯಿತು, 2008ರಲ್ಲಿ ಪ್ರಕಟವಾಯಿತು. ಮನೆಗೆ ಹೋದವರು ದೊಡ್ಡ ಡಾಕ್ಟರುಗಳಲ್ಲ. ತರಬೇತಿ ಕೊಟ್ಟ ಸ್ಥಳೀಯರು. ಕಾಯಿಲೆ ಏನು ಅಂತ ಹೇಳಿಕೊಟ್ಟರು, ಕೂತು ಕೇಳಿದರು, ಬೇಕಾದರೆ ಡಾಕ್ಟರ ಹತ್ತಿರ ಕಳಿಸಿದರು. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮನಸ್ಸು ಎಷ್ಟೋ ಸುಧಾರಿಸಿತ್ತು. ಇದನ್ನು ಮಲೆನಾಡಿನಲ್ಲಿ ಮಾಡಲು ಆಗುವುದಿಲ್ಲ ಅನ್ನಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಹಳೇ ಮೇಷ್ಟ್ರು, ಸೊರಬ

ನನ್ನ ವಯಸ್ಸು 78. ನನ್ನ ಹೆಂಡತಿಗೆ ಆರು ವರ್ಷದಿಂದ ಈ ಕಾಯಿಲೆ. ಈ ಚರ್ಚೆಯಲ್ಲಿ ಮಕ್ಕಳು ಮಾತಾಡುತ್ತಿದ್ದೀರಿ. ನಾನು ಆ ಅಪ್ಪಯ್ಯನ ಜಾಗದಲ್ಲಿ ಇರುವವನು. ಅದಕ್ಕೆ ಬರೆಯುತ್ತಿದ್ದೇನೆ.

ಹಗಲು ಹೇಗೋ ಹೋಗುತ್ತದೆ. ರಾತ್ರಿ ಕಷ್ಟ. ಹನ್ನೊಂದಕ್ಕೆ ಏಳುತ್ತಾಳೆ, ಒಂದಕ್ಕೆ ಏಳುತ್ತಾಳೆ, ಮೂರಕ್ಕೆ ಏಳುತ್ತಾಳೆ. ತವರಿಗೆ ಹೋಗಬೇಕು ಅಂತಾಳೆ. ಎರಡು ಸಲ ಬಾವಿಕಟ್ಟೆಯ ಹತ್ತಿರ ಸಿಕ್ಕಿದಳು. ಆಮೇಲೆ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ನಾನು ಬಾಗಿಲಿಗೆ ಅಡ್ಡ ಚಾಪೆ ಹಾಕಿ ಮಲಗುತ್ತೇನೆ. ಆರು ವರ್ಷದಲ್ಲಿ ಒಟ್ಟಿಗೆ ನಾಲ್ಕು ಗಂಟೆ ಮಲಗಿದ ರಾತ್ರಿ ಬೆರಳಲ್ಲಿ ಎಣಿಸಬಹುದು.

ನಾನು ಕದ್ದಿದ್ದೇನೆ ಅಂತಾಳೆ. ಸರ ಎಲ್ಲಿ, ಬಳೆ ಎಲ್ಲಿ ಅಂತ ಕೇಳುತ್ತಾಳೆ. ಅದು ಕಾಯಿಲೆ ಆಡಿಸುವ ಮಾತು ಅಂತ ನನಗೆ ಗೊತ್ತು. ಗೊತ್ತಿದ್ದೂ ನೋವಾಗುತ್ತದೆ.

ಹೋದ ಆಷಾಢದಲ್ಲಿ, ಕರೆಂಟ್ ಹೋಗಿ ಮೂರು ದಿನ ಆಗಿತ್ತು. ರಾತ್ರಿ ಎರಡು ಗಂಟೆ. ಮೂರನೇ ಸಲ ಬಟ್ಟೆ ಬದಲಾಯಿಸುತ್ತಿದ್ದೆ. ಅವಳು ನನ್ನ ಮುಖಕ್ಕೆ ಉಗುಳಿದಳು. ನಾನು ಅವಳ ತೋಳಿಗೆ ಹೊಡೆದೆ. 51 ವರ್ಷದ ಸಂಸಾರದಲ್ಲಿ ಒಂದು ದಿನ ಕೈ ಎತ್ತಿದವನಲ್ಲ. ಬೆಳಿಗ್ಗೆ ಅವಳಿಗೆ ನೆನಪಿರಲಿಲ್ಲ, ಕಾಫಿ ಕೊಡಿ ಅಂದಳು. ಕಾಫಿ ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಈ ವಿಷಯ ಮಕ್ಕಳಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಇಲ್ಲಿ ನನ್ನ ಮುಖ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಬರೆದೆ.

ನಿವೃತ್ತ ಸಿಸ್ಟರ್, ಹೊಸನಗರ

ಮೇಷ್ಟ್ರೇ, ಬರೆದಿದ್ದು ಒಳ್ಳೆಯದಾಯಿತು. ನೀವು ಕೆಟ್ಟವರಲ್ಲ. ಆದರೆ ಇದನ್ನು "ಹೋಗಲಿ ಬಿಡಿ" ಅಂತಲೂ ನಾನು ಹೇಳುವುದಿಲ್ಲ, ಯಾಕೆಂದರೆ ಅದು ಮತ್ತೆ ಆಗಬಹುದು. ಕೈ ಎತ್ತುವ ಮಟ್ಟಕ್ಕೆ ಬಂದಿದ್ದೀರಿ ಅಂದರೆ ನಿಮಗೆ ನಿದ್ದೆ ಬೇಕು, ಜೊತೆ ಬೇಕು ಅಂತ ಅರ್ಥ. ಜ್ವರ ಬಂದರೆ ಮಾತ್ರೆ ತಗೊಳ್ಳುವುದಿಲ್ಲವೇ, ಇದೂ ಹಾಗೆಯೇ.

ಇನ್ನೊಮ್ಮೆ ಸಿಟ್ಟು ತಲೆಗೇರುತ್ತಿದೆ ಅನಿಸಿದರೆ ಅವರನ್ನು ಮಂಚದ ಮೇಲೆ ಕೂರಿಸಿ ನೀವು ಜಗಲಿಗೆ ಬನ್ನಿ. ಬಟ್ಟೆ ಹತ್ತು ನಿಮಿಷ ಒದ್ದೆ ಇದ್ದರೆ ಏನೂ ಆಗುವುದಿಲ್ಲ.

ರಾತ್ರಿ ಮೂರು ಸಲ ಬಟ್ಟೆ ಬದಲಾಯಿಸುವ ಹಾಗಿದ್ದರೆ ಮೂತ್ರ ಪರೀಕ್ಷೆ ಮಾಡಿಸಿದ್ದೀರಾ? ಮೂತ್ರದ ಸೋಂಕು, ಮಲಬದ್ಧತೆ, ಹಲ್ಲು ನೋವು ಇದ್ದರೂ ಅವರು ಬಾಯಿಬಿಟ್ಟು ಹೇಳಲಾರರು. ರಾತ್ರಿ ಗಲಾಟೆ ಜಾಸ್ತಿ ಮಾಡುತ್ತಾರೆ. ನಾಲ್ಕು ಗಂಟೆಯ ಮೇಲೆ ಕಾಫಿ, ಚಹಾ ಬೇಡ. ಹಗಲು ಅಂಗಳದಲ್ಲಿ ಬಿಸಿಲಿಗೆ ಓಡಾಡಿಸಿ.

ಸಾಗರ ರಸ್ತೆ ಡಾಕ್ಟರ್

ಮೇಷ್ಟ್ರೇ, ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೆ ನಿಮಗೆ ಬೇಕಾಗಿದ್ದದ್ದು ಅದೇ. ಹಿರಿಯರಿಗಾಗಿಯೇ 14567 ಎನ್ನುವ ಸಹಾಯವಾಣಿಯೂ ಇದೆ, ಅದು ಹಗಲು ಹೊತ್ತಿನದು. ಎರಡೂ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಸುತ್ತಾರೆ, ಮನೋವೈದ್ಯರು ಬರುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ದಿನ ಖಚಿತ ಮಾಡಿಕೊಳ್ಳಿ. ನಿಮ್ಮ ಮನೆಯವರ ಹೆಸರಿನಲ್ಲಿ ಮಾತ್ರ ಅಲ್ಲ, ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ಬದುಕಿ ಏನು ಅನ್ನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, 78ರಲ್ಲೂ ಗುಣವಾಗುತ್ತದೆ.

ಒಂದು ಎಚ್ಚರಿಕೆ. ಮಲಗಲಿ ಅಂತ ಯಾರೋ ಹೇಳಿದ ನಿದ್ದೆ ಮಾತ್ರೆಯನ್ನು ಅವರಿಗೆ ಕೊಡಬೇಡಿ. ಬೀಳುವುದು, ಗೊಂದಲ ಜಾಸ್ತಿ ಆಗುತ್ತದೆ.

ಅಜ್ಜಿ ಹೇಳಿದ್ದು, ಮೊಮ್ಮಗಳು ಬರೆದದ್ದು

ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರಿಗೂ ಹೇಳಬೇಕಂತೆ. ಅವರು ಹೇಳಿದ ಹಾಗೆಯೇ ಹಾಕುತ್ತಿದ್ದೇನೆ.

"ನಮ್ಮನೆ ರಿಪ್ಪನ್‌ಪೇಟೆ ಹತ್ರ. ಅವರಿಗೆ 80, ನನಗೆ 71. ಎರಡು ಸಲ ಪಾರ್ಶ್ವವಾಯು ಆಗಿ ಆಮೇಲೆ ಮರೆವು ಬಂತು. ದೊಡ್ಡ ಆಳು. ನಾನೇ ಮೀಯಿಸ್ಬೇಕು, ಬೇರೆಯವರು ಮುಟ್ಟಿದ್ರೆ ಹೊಡೀತಾರೆ. ಮೇಷ್ಟ್ರು ಹೆಂಡ್ತೀನ ನೋಡ್ಕೊಳ್ತಾರೆ ಅಂದ್ರೆ ಊರೆಲ್ಲ ಹೊಗಳ್ತದೆ. ಹೊಗಳ್ಲಿ, ಅದಕ್ಕೆ ಬೇಜಾರಿಲ್ಲ. ಆದ್ರೆ ಹೆಂಗಸು ಮಾಡಿದ್ರೆ ಅದು ಕೆಲಸ ಅಂತ್ಲೇ ಯಾರಿಗೂ ಕಾಣೋದಿಲ್ಲ. ಬಂದವರು ಅವರನ್ನ ಮಾತಾಡ್ಸಿ, ನನ್ನ ಹತ್ರ ಕಾಫಿ ಕುಡ್ಕೊಂಡು ಹೋಗ್ತಾರೆ.

ಇನ್ನೊಂದು ಮಾತು ಹೇಳ್ತೀನಿ, ನಾಚಿಕೆ ಬಿಟ್ಟು. ಅವರನ್ನ ಎತ್ತುವಾಗ ನನಗೆ ಮೂತ್ರ ಹೋಗಿಬಿಡ್ತಿತ್ತು. ಮೂರು ವರ್ಷ ಯಾರಿಗೂ ಹೇಳ್ಲಿಲ್ಲ. ನೀರು ಕುಡಿಯೋದೇ ಬಿಟ್ಟೆ. ಕುಡೀದೆ ಇದ್ರೆ ಹೋಗಲ್ಲ ಅಲ್ವಾ ಅಂತ. ಚಳಿಜ್ವರ ಬಂದು ಆಸ್ಪತ್ರೆಗೆ ಹಾಕಿದಾಗ ಡಾಕ್ಟ್ರಮ್ಮ ಹೇಳಿದ್ರು, ನೀರು ಕುಡೀದೆ ಸೋಂಕು ಆಗಿದೆ ಅಂತ. ಐದು ದಿನ ನಾನು ಅಲ್ಲಿ. ಇಲ್ಲಿ ಇವರನ್ನ ಹಿಡಿಯೋರಿಲ್ಲ. ನನ್ನಂಥೋರು ಯಾರಾದ್ರೂ ಇದ್ರೆ ಬಾಯಿ ಬಿಟ್ಟು ಹೇಳಿ."

ಅಜ್ಜಿಗೆ ಈಗ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಕಡಿಮೆ ಆಗಿದೆ. ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದೂ ನನಗೆ ಗೊತ್ತಾಗಲಿಲ್ಲ ಅನ್ನುವುದು ನನ್ನ ದುಃಖ.

ಫಿಸಿಯೋ, ಶಿವಮೊಗ್ಗ

ಅಜ್ಜಿಗೆ ನಮಸ್ಕಾರ. ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು ತುಂಬ ಹೆಂಗಸರಿಗಿದೆ. ಕೆಳಗಿನ ಸ್ನಾಯು ಬಿಗಿ ಮಾಡುವ ವ್ಯಾಯಾಮ ಎರಡು ಮೂರು ತಿಂಗಳು ಬಿಡದೆ ಮಾಡಬೇಕು.

ಎತ್ತುವ ವಿಷಯ ಎಲ್ಲರಿಗೂ ಹೇಳುತ್ತೇನೆ. ರಟ್ಟೆ ಹಿಡಿದು ಎಳೆಯಬೇಡಿ, ಅವರ ಭುಜವೂ ಹೋಗುತ್ತದೆ, ನಿಮ್ಮ ಬೆನ್ನೂ ಹೋಗುತ್ತದೆ. ಮೊದಲು ನೆಲದ ಹಾಸಿಗೆ ಬಿಡಿ. ಮಂಚ ಅವರ ಮೊಣಕಾಲಿನ ಎತ್ತರಕ್ಕೆ ಇರಲಿ. ಮಂಚದ ತುದಿಗೆ ಸರಿಸಿ, ಪಾದ ಹಿಂದಕ್ಕೆ ತಂದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿಸಿ, "ಒಂದು, ಎರಡು, ಏಳಿ" ಅನ್ನಿ. ಅರ್ಧ ಭಾರ ಅವರೇ ಎತ್ತುತ್ತಾರೆ. ಮಾತಿಗಿಂತ ತೋರಿಸಿದರೆ ಬೇಗ ಅರ್ಥ ಆಗುತ್ತದೆ, ಎದುರು ನಿಂತು ನೀವೂ ಬಾಗಿ. ಕೆಳಗೆ ಬಿದ್ದರೆ ಒಬ್ಬರೇ ಎತ್ತಲು ಹೋಗಲೇಬೇಡಿ. ದಿಂಬು ಕೊಟ್ಟು, ಕಂಬಳಿ ಹೊದಿಸಿ, ಪಕ್ಕದ ಮನೆಯವರನ್ನು ಕರೆಯಿರಿ.

ಮಲೆನಾಡಿನ ಬಚ್ಚಲು ಒಂದು ದೊಡ್ಡ ಅಪಾಯ. ಮಳೆಗಾಲದಲ್ಲಿ ಕಲ್ಲು ಪಾಚಿ ಕಟ್ಟುತ್ತದೆ, ಒಲೆಯ ಹೊಗೆಗೆ ಕಣ್ಣು ಕಾಣುವುದಿಲ್ಲ. ಗೋಡೆಗೆ ಹಿಡಿಕೆ, ಕೂರಲು ಪ್ಲಾಸ್ಟಿಕ್ ಕುರ್ಚಿ, ಕಾಲಿಗೆ ರಬ್ಬರ್ ಚಾಪೆ. ಹಂಡೆಯಿಂದ ಕೊಡಪಾನದಲ್ಲಿ ನೀರು ಹೊರುವ ಬದಲು ಒಂದು ನಲ್ಲಿ ಹಾಕಿಸಿ. ಹರ್ನಿಯಾ ಇರುವ ಅಪ್ಪಯ್ಯನಿಗೆ ಇದು ನಾಳೆಯೇ ಆಗಬೇಕು. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ, ನೋವು, ವಾಂತಿ ಬಂದರೆ ಅದು ತುರ್ತು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಶರಾವತಿ ಕಡೆಯವನು

ಎಲ್ಲರ ಕಷ್ಟ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನಮ್ಮ ಹಿರಿಯರು ಇದನ್ನೆಲ್ಲ ಹೊರೆ ಅನ್ನಲಿಲ್ಲ. ಕೈಹಿಡಿದವರ ಸೇವೆ ಪುಣ್ಯ ಅಂದುಕೊಂಡು ಮಾಡಿದರು. ಹೊರೆ, ಬಳಲಿಕೆ ಅಂತ ನಾವು ಮಾತಾಡಿ ಮಾತಾಡಿ ಅವರ ಮನಸ್ಸಿನಲ್ಲಿ ಅದನ್ನು ತುಂಬುತ್ತಿದ್ದೇವೇನೋ.

ಕೊಪ್ಪದ ಸೊಸೆ

ಅಣ್ಣಾ, ನಿಮ್ಮ ಮಾತಿನ ಹಿಂದಿನ ಗೌರವ ನನಗೆ ಅರ್ಥ ಆಗುತ್ತದೆ. ಆದರೆ ನಮ್ಮ ಅತ್ತೆಯವರ ಅತ್ತೆಗೂ ಹೀಗೇ ಮರೆವು ಇತ್ತು. ಆಗ ಮನೆಯಲ್ಲಿ 14 ಜನ. ಒಬ್ಬರು ಮೀಯಿಸುತ್ತಿದ್ದರು, ಇನ್ನೊಬ್ಬರು ಊಟ ಮಾಡಿಸುತ್ತಿದ್ದರು, ಮಕ್ಕಳು ಜಗಲಿಯಲ್ಲಿ ಕಾವಲು. ಹೊರಗೆ ಹೊರಟರೆ ಕೊಟ್ಟಿಗೆಯಲ್ಲಿದ್ದವರು ಕರೆದು ತರುತ್ತಿದ್ದರು. ಈಗ ಅದೇ ಮನೆಯಲ್ಲಿ ಮಾವ ಮತ್ತು ಮರೆವು ಬಂದಿರುವ ಅತ್ತೆ, ಇಬ್ಬರೇ. ಆರು ಹೆಂಗಸರು ಹಂಚಿಕೊಂಡ ಕೆಲಸವನ್ನು 76 ವಯಸ್ಸಿನ ಒಬ್ಬರು ಮಾಡುತ್ತಿದ್ದಾರೆ. ಪುಣ್ಯ ಅಂದರೂ ಬೆನ್ನು ನೋಯುತ್ತದೆ.

ನಮ್ಮ ಊರಿನಲ್ಲಿ ನಾವು ಮಾಡಿದ್ದು ಹೇಳುತ್ತೇನೆ. "ಏನಾದ್ರೂ ಬೇಕಾದ್ರೆ ಹೇಳಿ" ಅಂತ ಎಲ್ಲರೂ ಹೇಳುತ್ತಿದ್ದರು. ಮಾವ ಒಂದು ದಿನವೂ ಕೇಳಲಿಲ್ಲ. ಕೇಳುವ ಜನ ಅಲ್ಲ ಅವರು. ಹಾಗಾಗಿ ನಾನು ಒಂದು ಭಾನುವಾರ ಐದು ಮನೆಗೆ ಹೋಗಿ ನಿರ್ದಿಷ್ಟವಾಗಿ ಕೇಳಿದೆ. ಬುಧವಾರ ಮಧ್ಯಾಹ್ನ ಮೂರರಿಂದ ಐದು ನೀವು ಬಂದು ಅತ್ತೆಯ ಹತ್ತಿರ ಕೂರುತ್ತೀರಾ? ಶನಿವಾರ ನೀವು? ಇಬ್ಬರು ಕೂಡಲೇ ಒಪ್ಪಿದರು, ಇನ್ನಿಬ್ಬರು ಆಮೇಲೆ. ಒಬ್ಬರು ಆಗುವುದಿಲ್ಲ ಅಂದರು, ಅದೂ ಸರಿ. ಬಂದವರಿಗೆ ಅತ್ತೆಯ ಕೈಗೆ ಕೊಡಲು ಕೆಲಸವನ್ನೂ ಹೇಳಿದ್ದೇನೆ. ಹೂ ಕಟ್ಟುವುದು, ಅವರೆ ಸುಲಿಯುವುದು, ಅಡಿಕೆ ಆರಿಸುವುದು. ಅತ್ತೆಗೆ ಹೆಸರು ಮರೆತಿದೆ, ಕೈಗೆ ಕೆಲಸ ಮರೆತಿಲ್ಲ.

ಆ ಎರಡು ಗಂಟೆ ಮಾವ ಮನೆಯಲ್ಲಿ ಇರಬಾರದು ಅಂತ ಶರತ್ತು. ಮೊದಲ ವಾರ ತೋಟದ ತುದಿಯಲ್ಲಿ ನಿಂತು ಮನೆಯನ್ನೇ ನೋಡುತ್ತಿದ್ದರಂತೆ. ಮೂರನೇ ವಾರ ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು.

ಅಡಿಕೆ ಗೊನೆ ಕೊಯ್ಲಿನ ಸಮಯದಲ್ಲಿ ಯಾರೂ ಸಿಗುವುದಿಲ್ಲ, ಅದು ಗೊತ್ತಿರಲಿ. ನವೆಂಬರ್‌ನಿಂದ ಎರಡು ತಿಂಗಳು ನಾವೇ ಸರದಿ ಹಾಕಿ ಊರಿಗೆ ಹೋಗುತ್ತೇವೆ.

ಶರಾವತಿ ಕಡೆಯವನು

ತಂಗಿ, 14 ಜನ ಅಂದಿರಲ್ಲ, ಅದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯ ಹತ್ತಿರವೂ ಇಂಥ ಒಂದು ಜೋಡಿ ಇದೆ. ನಾನು ಗುರುವಾರ ಹೋಗುತ್ತೇನೆ.

ಬ್ಯಾಂಕ್‌ನಿಂದ ನಿವೃತ್ತ

ಚಿಕ್ಕದಾಗಿ ಹೇಳುತ್ತೇನೆ. ಕಾಗದಪತ್ರದ ಚಿಂತೆಯೂ ವಯಸ್ಸಾದವರ ನಿದ್ದೆ ಕೆಡಿಸುತ್ತದೆ. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದ್ದು, ಸಹಿ ಮಾಡುವವರಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಅರ್ಥ ಆಗುವಾಗಲೇ ಜಂಟಿ ಖಾತೆ, ನಾಮಿನಿ, ವಿಲ್ ಮುಗಿಸಿ. ಪವರ್ ಆಫ್ ಅಟಾರ್ನಿ ಮಾಡಿಸಿದರೆ ಆಯಿತು ಅಂತ ತುಂಬ ಜನ ತಿಳಿದಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ನವೆಂಬರ್‌ನಲ್ಲಿ ಅವರನ್ನು ಹೊತ್ತುಕೊಂಡು ಹೋಗಬೇಡಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ಪಡೆದು ಮಾಡಿಕೊಡುವ ಸೌಲಭ್ಯ ಇದೆ, ಸ್ವಲ್ಪ ಶುಲ್ಕ ಇರುತ್ತದೆ.

ತುಂಗೆ ದಂಡೆಯವಳು (ಏಳು ವಾರದ ನಂತರ)

ಎಲ್ಲರಿಗೂ ಉತ್ತರ ಬರೆಯಲು ಆಗಿರಲಿಲ್ಲ, ಕ್ಷಮಿಸಿ. ನಾನು ಊರಿನಲ್ಲೇ ಇದ್ದೆ.

ಮೊದಲು ಬಿ.ಪಿ. ಈಗ 140ರ ಆಸುಪಾಸಿನಲ್ಲಿದೆ. ಕಿಡ್ನಿಯಲ್ಲಿ ಸ್ವಲ್ಪ ತೊಂದರೆ ಇದೆ, ಆದರೆ ಹತೋಟಿಯಲ್ಲಿ ಇಡಬಹುದು ಅಂದಿದ್ದಾರೆ. ಸಿಸ್ಟರ್ ಹೇಳಿದ ಡಬ್ಬಿಯ ಉಪಾಯ ಕೆಲಸ ಮಾಡಿದೆ. ಅಮ್ಮನದು ಕೆಂಪು, ಅಪ್ಪಯ್ಯನದು ನೀಲಿ.

ಆಪರೇಷನ್‌ಗೆ ಒಪ್ಪಿಸಿದ ಕಥೆ ಹೇಳಬೇಕು. ಡಾಕ್ಟರು ಬರೆದದ್ದನ್ನು ನಾನು ಓದಿ ಹೇಳಿದೆ, ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ ವಿನೋಬನಗರದ ಅಣ್ಣ ಬರೆದದ್ದನ್ನು ಓದಿದೆ. "ಬಾಗಿಲು ಶಬ್ದ ಆದರೆ ಇವರು ಬಂದರಾ ಅಂತ ಕೇಳುತ್ತಾರೆ" ಅನ್ನುವಲ್ಲಿ ಅಪ್ಪಯ್ಯ ಎದ್ದು ಅಂಗಳಕ್ಕೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು "ಎಷ್ಟು ದಿನ ಬೇಕಂತೆ ಅದಕ್ಕೆ?" ಅಂತ ಕೇಳಿದರು.

ಆಸ್ಪತ್ರೆಯಲ್ಲಿ ಇರುವುದು ಒಂದೆರಡು ದಿನ. ಆದರೆ ಆಮೇಲೆ ಆರು ವಾರ ಭಾರ ಎತ್ತಬಾರದು. ಅಂದರೆ ಅಮ್ಮನನ್ನು ಎತ್ತಬಾರದು. ನಾವು ಮೊದಲು ಎರಡು ದಿನದ ವ್ಯವಸ್ಥೆ ಮಾತ್ರ ಯೋಚಿಸಿದ್ದೆವು, ಸರ್ಜನ್ ಹೇಳಿದ ಮೇಲೆ ಎಲ್ಲ ಹೊಸದಾಗಿ ಮಾಡಿದೆವು. ತಮ್ಮ ಮೂರು ವಾರ, ನಾನು ಮೂರು ವಾರ. ಪಕ್ಕದ ಊರಿನ ಒಬ್ಬ ಅಕ್ಕ ಬೆಳಿಗ್ಗೆ ಏಳರಿಂದ ಹನ್ನೊಂದು ಬರುತ್ತಾರೆ. ಅಮ್ಮ ಮೊದಲ ನಾಲ್ಕು ದಿನ ಅವರನ್ನು ಹತ್ತಿರ ಬಿಡಲಿಲ್ಲ. ಆಪರೇಷನ್‌ಗೆ ಹದಿನೈದು ದಿನ ಮುಂಚೆಯೇ ಅವರನ್ನು ಕರೆಸಿದ್ದು ಒಳ್ಳೆಯದಾಯಿತು. ಅಪ್ಪಯ್ಯ ಜೊತೆಗಿದ್ದೇ ಪರಿಚಯ ಮಾಡಿಸಿದರು. ಈಗ ಅಮ್ಮ ಅವರನ್ನು ತಮ್ಮ ತಂಗಿ ಅಂದುಕೊಂಡಿದ್ದಾರೆ. ನಾವು ತಿದ್ದಲು ಹೋಗಿಲ್ಲ.

ಬಾಗಿಲಿನ ಹಿಂದೆ ಒಂದು ಹಾಳೆ ಅಂಟಿಸಿದ್ದೇವೆ. ಅಪ್ಪಯ್ಯನಿಗೆ ಇದ್ದಕ್ಕಿದ್ದಂತೆ ಹುಷಾರಿಲ್ಲದೆ ಆದರೆ ಯಾರಿಗೆ ಮೊದಲು ಫೋನ್ ಮಾಡಬೇಕು, ಅಮ್ಮ ಏನು ತಿನ್ನುತ್ತಾರೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಅಳುವಾಗ ಏನು ಮಾಡಿದರೆ ಸಮಾಧಾನ ಆಗುತ್ತದೆ. ಈ ಕೊನೆಯದನ್ನು ಅಪ್ಪಯ್ಯನೇ ಕೂತು ಬರೆಸಿದರು. ಎಷ್ಟೊಂದು ಅವರ ತಲೆಯಲ್ಲಿ ಮಾತ್ರ ಇತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಅಮ್ಮನ ಕೈಗೆ ಅವರ ಹಳೇ ಸೀರೆ ಕೊಟ್ಟು ಮಡಚಲು ಹೇಳಬೇಕಂತೆ.

ಆಪರೇಷನ್ ಆಗಿ ಇವತ್ತಿಗೆ ಹನ್ನೆರಡು ದಿನ. ಗಾಯ ನಿಧಾನವಾಗಿ ಮಾಯುತ್ತಿದೆ. ಹಗಲು ಎರಡು ಗಂಟೆ ಮಲಗುತ್ತಾರೆ. ಇಷ್ಟು ವರ್ಷದಲ್ಲಿ ಅವರು ಹಗಲು ಮಲಗಿದ್ದನ್ನು ನಾನು ನೋಡಿರಲೇ ಇಲ್ಲ.

ಹಳೇ ಮೇಷ್ಟ್ರು, ಸೊರಬ

ಓದಿ ಸಂತೋಷ ಆಯಿತು ಮಗಳೇ. ನಾನೂ ಮಂಗಳವಾರ ಹೋಗಿ ಬಂದೆ, ಇಬ್ಬರ ಹೆಸರಲ್ಲೂ ಚೀಟಿ ಮಾಡಿಸಿದೆ. ಇವಳಿಗೆ ಮೂತ್ರದ ಸೋಂಕು ಇತ್ತು. ನನಗೂ ಒಂದು ಮಾತ್ರೆ ಕೊಟ್ಟಿದ್ದಾರೆ. ಮಗನಿಗೆ ಆ ರಾತ್ರಿಯ ವಿಷಯ ಹೇಳಿದೆ. ಅವನು ಏನೂ ಅನ್ನಲಿಲ್ಲ, ಮರುದಿನದ ಬಸ್ಸಿಗೆ ಬಂದ.

ಆ ಬಾಗಿಲಿನ ಹಿಂದಿನ ಹಾಳೆ ಅಂದಿರಲ್ಲ, ಅದರಲ್ಲಿ ಏನೇನು ಬರೆಯಬೇಕು ಅಂತ ಇಲ್ಲಿ ಹಾಕುತ್ತೀರಾ? ಮಗ ಭಾನುವಾರದವರೆಗೆ ಇರುತ್ತಾನೆ, ಅಷ್ಟರಲ್ಲಿ ಬರೆಸಿಡುತ್ತೇನೆ.

ತುಂಗೆ ದಂಡೆಯವಳು

ಖಂಡಿತ ಮೇಷ್ಟ್ರೇ. ಅಮ್ಮನದು ಊಟ ಆಗುತ್ತಿದೆ. ಮಲಗಿಸಿ ಬಂದು ಫೋಟೋ ತೆಗೆದು ಹಾಕುತ್ತೇನೆ.